ನಿಮ್ಮ ಅಡ್ಡಹೆಸರಿನ ಬೇರು ಹುಡುಕುವುದು ಹೇಗೆ: ಹುಡೇದ ಮನೆತನದ ಜಾಡು ಹಿಡಿದು ಕಲಿತದ್ದು

ನಮ್ಮ ಅಡ್ಡಹೆಸರು ಹುಡೇದ. ವಿಜಯಪುರದಲ್ಲಿ ಯಾರಿಗಾದರೂ ಹೇಳಿದರೆ ಎರಡು ಸಲ ಕೇಳುತ್ತಾರೆ. "ಏನಂದ್ರಿ? ಹುದ್ದಾರಾ?" ಅಂತ. ಪಾಟೀಲ, ಬಿರಾದಾರ, ಬಡಿಗೇರ ಅಂದರೆ ಯಾರೂ ತಿರುಗಿ ಕೇಳುವುದಿಲ್ಲ. ನನ್ನ ಮಗಳು ಐದನೇ ತರಗತಿಯಲ್ಲಿದ್ದಾಗ ಸಾಲಿಯಲ್ಲಿ ಎಲ್ಲರಿಗೂ ಅಡ್ಡಹೆಸರಿನ ಅರ್ಥ ಬರೆದುಕೊಂಡು ಬರಲು ಹೇಳಿದ್ದರು. ನನಗೆ ಗೊತ್ತಿರಲಿಲ್ಲ. ಹುಡಿ ಅಂದರೆ ಪುಡಿ, ಧೂಳು, ಅದರಿಂದ ಬಂದಿರಬೇಕು ಅಂತ ಬರೆಸಿ ಕಳಿಸಿದೆ. ಅದು ತಪ್ಪು. ಆ ತಪ್ಪು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಆಮೇಲೆ ಸುಮಾರು ಎರಡು ವರ್ಷ ರಜೆ ಸಿಕ್ಕಾಗಲೆಲ್ಲ ಊರೂರು ತಿರುಗಿ ಇದನ್ನೇ ಹುಡುಕಿದೆ. ಹಾಗೆ ಕಲಿತ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮದು ಬೇರೆ ಅಡ್ಡಹೆಸರು ಇರಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರಾಗಿದ್ದರೆ ದಾರಿ ಮಾತ್ರ ಹೆಚ್ಚು ಕಡಿಮೆ ಇದೇ.

ಶುರು ಮಾಡುವ ಮುಂಚೆ ಒಂದು ಮಾತು. ಹಳೇ ಮೈಸೂರಿನ ಕಡೆ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಬರುತ್ತವೆ. ನಮ್ಮ ಕಡೆ ಹಾಗಲ್ಲ. ತನ್ನ ಹೆಸರು, ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. 1818ರಲ್ಲಿ ಪೇಶ್ವೆಯವರ ಆಳ್ವಿಕೆ ಮುಗಿದ ಮೇಲೆ ಈ ಭಾಗದ ಬಹಳಷ್ಟು ಊರುಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದವು. 1956ರವರೆಗೆ ಅಲ್ಲಿಯೇ ಇದ್ದವು. ಸಾಲಿ, ಕೋರ್ಟು, ಜಮೀನಿನ ಸರ್ವೆ, ಎಲ್ಲಾ ಕಡೆ ಮುಂಬೈ ಪದ್ಧತಿಯಲ್ಲಿ ಮೂರು ಹೆಸರು ಕೇಳುತ್ತಿದ್ದರು. ಊರವರು ಬಾಯಲ್ಲಿ ಕರೆಯುತ್ತಿದ್ದ ಹೆಸರೇ ಕಾಗದಕ್ಕೆ ಇಳಿದು ಗಟ್ಟಿಯಾಯಿತು. ಅಂದರೆ ನಿಮ್ಮ ಅಡ್ಡಹೆಸರನ್ನು ಇಟ್ಟವರು ನಿಮ್ಮ ಮುತ್ತಜ್ಜ ಅಲ್ಲ, ಅವನ ನೆರೆಹೊರೆಯವರು. ಇದನ್ನು ತಲೆಯಲ್ಲಿ ಇಟ್ಟುಕೊಂಡೇ ಹುಡುಕಬೇಕು.

ಮೊದಲ ಹಂತ: ಕನ್ನಡದಲ್ಲಿ ಸರಿಯಾಗಿ ಬರೆದುಕೊಳ್ಳಿ

ಸಣ್ಣ ಕೆಲಸ ಅನಿಸುತ್ತದೆ, ಅಲ್ವಾ? ಇಲ್ಲೇ ಜಾಸ್ತಿ ಜನ ದಾರಿ ತಪ್ಪುತ್ತಾರೆ. ಆಧಾರ್ ಕಾರ್ಡಿನಲ್ಲಿರುವ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಹುಡುಕಲು ಹೋಗಬೇಡಿ. ಸನದಿ ಮತ್ತು ಸನಾದಿ ಎರಡನ್ನೂ ಇಂಗ್ಲಿಷಿನಲ್ಲಿ ಒಂದೇ ಥರ ಬರೆಯುತ್ತಾರೆ. ಸನದು ಅಂದರೆ ಸರಕಾರದ ಹಕ್ಕುಪತ್ರ, ಅದರ ಮೇಲೆ ಜಮೀನು ಪಡೆದು ಊರ ಚಾಕರಿ ಮಾಡಿದವರು ಸನದಿಗಳು. ಸನಾದಿ ಅಂದರೆ ಶಹನಾಯಿ. ಒಂದು ದೀರ್ಘ ಬಿಟ್ಟುಹೋದರೆ ಜಮೀನು ಹೋಗಿ ವಾದ್ಯ ಬರುತ್ತದೆ.

ನಮ್ಮದೇ ನೋಡಿ. ಒಂದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ನಮ್ಮ ದೊಡ್ಡಪ್ಪನ ಹೆಸರು ಹುದ್ದೇದಾರ ಅಂತ ಬಂದಿತ್ತು. ಅವರು ಸರಿಪಡಿಸಲು ಹೋಗದೆ ಹಾಗೇ ಬಿಟ್ಟರು. ಈಗ ಅವರ ಮಕ್ಕಳು ಅದನ್ನೇ ಬರೆಯುತ್ತಾರೆ. ಹುದ್ದೇದಾರ, ಹುದ್ದಾರ ಅಂದರೆ ಹುದ್ದೆಯಲ್ಲಿದ್ದವನು. ಅದಕ್ಕೂ ಹುಡೇದಕ್ಕೂ ಸಂಬಂಧವೇ ಇಲ್ಲ. ಇನ್ನು ಐವತ್ತು ವರ್ಷ ಕಳೆದರೆ ಆ ಮನೆಯವರು ತಮ್ಮ ಹಿರಿಯರು ಯಾವ ಹುದ್ದೆಯಲ್ಲಿದ್ದರು ಅಂತ ಹುಡುಕುತ್ತಾ ಕೂರುತ್ತಾರೆ ಅನ್ನುವುದು ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಮ್ಮ ಮನೆಯ ಅತ್ಯಂತ ಹಿರಿಯರು ಹೇಗೆ ಉಚ್ಚರಿಸುತ್ತಾರೋ ಹಾಗೆಯೇ ಬರೆದುಕೊಳ್ಳಿ. ಕೆಳಗೆ ಕಾಗದ ಪತ್ರಗಳಲ್ಲಿ ಸಿಗುವ ಎಲ್ಲಾ ರೂಪಗಳನ್ನೂ ಬರೆಯಿರಿ. ತಪ್ಪು ರೂಪಗಳನ್ನೂ ಬಿಡಬೇಡಿ, ಮುಂದೆ ಕಚೇರಿಯಲ್ಲಿ ಹುಡುಕುವಾಗ ಅವೇ ಕೈ ಹಿಡಿಯುತ್ತವೆ.

ಎರಡನೇ ಹಂತ: ಹೆಸರಿನ ಬಾಲ ನೋಡಿ

ನಮ್ಮ ಕಡೆಯ ಅಡ್ಡಹೆಸರು ಎಷ್ಟೋ ಸಲ ಅರ್ಧ ಮಾತು. ಬೆಲ್ಲದ ಅಂದರೆ ಬೆಲ್ಲದ ಮನೆಯವರು, ಬೆಲ್ಲದ ವ್ಯಾಪಾರದವರು. ಉಳಿದ ಅರ್ಧ ಬಳಕೆಯಲ್ಲಿ ಉದುರಿಹೋಗಿದೆ. ಬಡಿಗೇರ ಅಂದರೆ ಬಡಿಗರ ಮನೆಯವರು, ಗಾಣಿಗೇರ ಅಂದರೆ ಗಾಣಿಗರ ಮನೆಯವರು. ಮನಿ ಅಂತ ಕೊನೆಯಾದರೆ ಮನೆಯ ಗುರುತು: ಹೊಸಮನಿ, ಹಾದಿಮನಿ, ಅಗಸಿಮನಿ. ಅಗಸಿ ಅಂದರೆ ಊರ ಬಾಗಿಲು. ಕಟ್ಟಿ ಅಂತ ಬಂದರೆ ಮರದ ಕಟ್ಟೆಯೋ ಬಾವಿಯ ಕಟ್ಟೆಯೋ ಹತ್ತಿರ ಇತ್ತು ಅಂತ. ದಾರ ಬಂದರೆ ಆದಿಲಶಾಹಿ, ಮರಾಠರ ಕಾಲದ ಆಡಳಿತದ ಮಾತು: ಇನಾಮದಾರ, ಜಮಾದಾರ, ಜಹಾಗೀರದಾರ. ಕರ ಬಂದರೆ ಮರಾಠಿಯ ಬಾಲ. ಹುಕ್ಕೇರಿ ಅನ್ನುವ ಒಂದೇ ಊರಿನಿಂದ ಹುಕ್ಕೇರಿ, ಹುಕ್ಕೇರಿಕರ ಎರಡೂ ಅಡ್ಡಹೆಸರು ಬಂದಿವೆ. ವಾಲೀಕಾರ ಅನ್ನುವುದರಲ್ಲಿ ಹಳೆಯ ಓಲೆಕಾರ ಕೂತಿದ್ದಾನೆ. ಚಾವಡಿಗೆ ಜನರನ್ನು ಕರೆಯಲು ಓಡಾಡುತ್ತಿದ್ದವನು.

ಊರಿನ ಹೆಸರೇ ಅಡ್ಡಹೆಸರಾಗಿದ್ದರೆ ಒಂದು ಸೂತ್ರ ನೆನಪಿಡಿ. ಮುಧೋಳದಲ್ಲಿ ಇದ್ದವರನ್ನು ಮುಧೋಳದವರು ಮುಧೋಳ ಅಂತ ಕರೆಯುವುದಿಲ್ಲ. ಊರು ಬಿಟ್ಟು ಬಂದವರಿಗೆ ಬಂದ ಊರಿನವರು ಆ ಹೆಸರು ಹಚ್ಚುತ್ತಾರೆ. ಹಲಸಂಗಿಯ ಕವಿ ಮಧುರಚೆನ್ನರ ಅಡ್ಡಹೆಸರು ಗಲಗಲಿ. ಹಲಸಂಗಿ ಇರುವುದು ಇಂಡಿಯ ಕಡೆ, ಗಲಗಲಿ ಇರುವುದು ಬೀಳಗಿಯ ಕಡೆ ಕೃಷ್ಣೆಯ ದಂಡೆಯ ಮೇಲೆ. ಅಡ್ಡಹೆಸರು ತಾನಾಗಿಯೇ ನದಿಯ ಕಡೆ ಬೆರಳು ತೋರಿಸುತ್ತದೆ. ಊರು ಬಿಟ್ಟು ಓದಲು, ಬರೆಯಲು ಹೋದವರಿಗೂ ಹೀಗೇ ಊರ ಹೆಸರು ಅಂಟಿಕೊಂಡಿದೆ. ಕವಿ ಬೆಟಗೇರಿ ಕೃಷ್ಣಶರ್ಮರು ಬೆಟಗೇರಿಯವರೇ. ಆದರೆ ಯಾವ ಬೆಟಗೇರಿ? ಗದಗದ ಜೋಡಿ ಊರು ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಅಲ್ಲ, ಬೆಳಗಾವಿ ಜಿಲ್ಲೆಯ ಗೋಕಾಕ ಕಡೆಯ ಬೆಟಗೇರಿ. ಇದೇ ಥರ ಬಾಗೇವಾಡಿ ಅಂದರೆ ಬಸವನ ಬಾಗೇವಾಡಿಯೂ ಆಗಬಹುದು, ಬೆಳಗಾವಿ ಹತ್ತಿರದ ಹಿರೇಬಾಗೇವಾಡಿಯೂ ಆಗಬಹುದು. ಹುಬ್ಬಳ್ಳಿ ಅಂದರೆ ದೊಡ್ಡ ಹುಬ್ಬಳ್ಳಿಯೇ ಇರಬೇಕೆಂದಿಲ್ಲ, ಕಿತ್ತೂರ ಕಡೆಯ ಎಂ.ಕೆ. ಹುಬ್ಬಳ್ಳಿಯೂ ಇದೆ. ಒಂದೇ ಹೆಸರಿನ ಎಲ್ಲಾ ಊರುಗಳ ಪಟ್ಟಿ ಮಾಡದೆ ಮುಂದೆ ಹೋಗಬೇಡಿ.

ಇನ್ನು ನಮ್ಮ ಹುಡೇದ. ಬಾಲದಲ್ಲಿ "ದ" ಇದೆ, ಬೆಲ್ಲದ ಇದ್ದ ಹಾಗೆ. ಬಾಲ ತೆಗೆದರೆ ಹುಡೇ ಉಳಿಯುತ್ತದೆ. ಹುಡಿ ಆಗಿದ್ದರೆ ಹುಡಿಯ ಆಗಬೇಕಿತ್ತು. ಇಲ್ಲೇ ನನ್ನ ಧೂಳಿನ ಅರ್ಥ ಬಿದ್ದುಹೋಯಿತು. ಹುಡೆ, ಹುಡೇವು ಅಂದರೆ ಊರ ಕಾವಲಿನ ಬುರುಜು. ವಿಜಯಪುರ, ಬಾಗಲಕೋಟೆ ಕಡೆಯ ಹಳೇ ಹಳ್ಳಿಗಳಲ್ಲಿ ಈಗಲೂ ಅಲ್ಲಲ್ಲಿ ದುಂಡಗೆ ನಿಂತಿರುತ್ತದೆ. ಕೆಳಗೆ ಕಲ್ಲು, ಮೇಲೆ ಮಣ್ಣು, ನಡುವೆ ಬಂದೂಕು ಇಡಲು ಸಣ್ಣ ಕಿಂಡಿ. ದಂಡು ಬಂತು, ಲೂಟಿ ಮಾಡುವ ಪೆಂಡಾರರು ಬಂದರು ಅಂದರೆ ಮೇಲೆ ಹತ್ತಿ ನೋಡುತ್ತಿದ್ದ ಜಾಗ. ನಾನು ಚಿಕ್ಕವನಿದ್ದಾಗ ಅದರ ನೆರಳಲ್ಲಿ ಗೋಲಿ ಆಡಿದ್ದೇನೆ, ಆದರೆ ನಮ್ಮ ಓಣಿಯವರು ಅದನ್ನು ಬುರುಜು ಅಂತಲೇ ಕರೆಯುತ್ತಿದ್ದರು. ಹುಡೆ ಅನ್ನುವ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ.

ಪದದ ಅರ್ಥಕ್ಕೆ ಒಳ್ಳೆಯ ನಿಘಂಟು ಬೇಕು. 1894ರಲ್ಲಿ ಬಂದ ಕಿಟೆಲ್ ನಿಘಂಟು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಲೈಬ್ರರಿಯಲ್ಲಿ ಇರುತ್ತದೆ. ಅಲ್ಲಿ ಸಿಗದಿದ್ದರೆ ಮರಾಠಿ, ಉರ್ದು ಗೊತ್ತಿರುವವರನ್ನು ಕೇಳಿ. ಪದ ಸಿಕ್ಕಿತು ಅಂತ ಅಲ್ಲೇ ನಿಲ್ಲಬೇಡಿ. ಸಿಕ್ಕಿದ್ದು ಒಂದು ಊಹೆ, ಅಷ್ಟೇ. ಸವದತ್ತಿಯ ಹಳೇ ಹೆಸರು ಸುಗಂಧವರ್ತಿ. ಬರೀ ಕಿವಿಯನ್ನು ನಂಬಿದ್ದರೆ ಅದನ್ನು ಯಾರಾದರೂ ಊಹಿಸುತ್ತಿದ್ದರಾ?

ಮೂರನೇ ಹಂತ: ಮನೆಯ ಹಿರಿಯರನ್ನು ಕೇಳುವುದು, ಅದರಲ್ಲೂ ಅತ್ತೆಯಂದಿರನ್ನು

"ನಮ್ಮ ಅಡ್ಡಹೆಸರು ಹೆಂಗ ಬಂತು?" ಅಂತ ನೇರವಾಗಿ ಕೇಳಿದರೆ "ಏನೋಪಾ, ಮೊದಲಿಂದ ಐತಿ" ಅನ್ನುತ್ತಾರೆ. ಆ ಪ್ರಶ್ನೆ ಬಿಟ್ಟುಬಿಡಿ. ಇವನ್ನು ಕೇಳಿ: ಮನೆದೇವರು ಯಾರು, ಜಾತ್ರೆಗೆ ಯಾವ ಊರಿಗೆ ಹೋಗುತ್ತಿದ್ದಿರಿ? ಬೆಡಗು (ಜಾತಿಯೊಳಗಿನ ಕುಲ) ಯಾವುದು, ಗೋತ್ರ ಯಾವುದು? ಸತ್ತವರನ್ನು ಮೊದಲು ಯಾವ ಹೊಲದಲ್ಲಿ ಮಣ್ಣು ಮಾಡುತ್ತಿದ್ದರು? ಅಣ್ಣತಮ್ಮಕಿ, ಅಂದರೆ ಒಂದೇ ಮೂಲದ ದಾಯಾದಿ ಮನೆಗಳು, ಯಾವ ಯಾವ ಊರಲ್ಲಿವೆ? ಯಾವ ಮನೆಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ?

ಕೊನೆಯ ಪ್ರಶ್ನೆ ಬಹಳ ಮುಖ್ಯ. ಅಡ್ಡಹೆಸರು ಬೇರೆ ಇದ್ದರೂ ಹೆಣ್ಣು ತರುವುದಿಲ್ಲ ಅಂದರೆ ಆ ಮನೆಯವರು ಮೂಲದಲ್ಲಿ ನಿಮ್ಮವರೇ ಇರಬಹುದು. ಅಡ್ಡಹೆಸರು ಒಂದೇ ಇದ್ದರೂ ಬೀಗತನ ಮಾಡುತ್ತಾರೆ ಅಂದರೆ ರಕ್ತ ಸಂಬಂಧ ಇಲ್ಲ ಅಂತ. ಮನೆದೇವರು ದಿಕ್ಕು ತೋರಿಸುತ್ತದೆ. ಬಾಗಲಕೋಟೆ ಕಡೆ ಇದ್ದುಕೊಂಡು ಮನೆದೇವರು ಯಡೂರ ವೀರಭದ್ರ ಅಂದರೆ ಹಿರಿಯರು ಚಿಕ್ಕೋಡಿ ಕಡೆಯಿಂದ ಬಂದರಾ ಅಂತ ವಿಚಾರಿಸಬೇಕು. ಸವದತ್ತಿ ಯಲ್ಲಮ್ಮ, ಬಾದಾಮಿ ಬನಶಂಕರಿ ಆದರೆ ಈ ಗುರುತು ಅಷ್ಟು ಕೆಲಸ ಮಾಡುವುದಿಲ್ಲ, ಆ ದೇವರುಗಳಿಗೆ ನಾಡೆಲ್ಲಾ ಒಕ್ಕಲು.

ನನಗೆ ಮೊದಲ ಎಳೆ ಕೊಟ್ಟವರು ನಮ್ಮ ಸೋದರತ್ತೆ. ಎಂಬತ್ತರ ಮೇಲಿನ ವಯಸ್ಸು. ಜೋಳ ಹಸನು ಮಾಡುತ್ತಾ, ಮೊರದಿಂದ ಕಣ್ಣೆತ್ತದೆ ಹೇಳಿದರು: "ನಮ್ಮಪ್ಪ ಈ ಊರಾಂವ ಅಲ್ಲ. ಹುನಗುಂದ ಕಡಿಂದ ಬಂದಾಂವ. ಅಲ್ಲಿ ನಮ್ಮನ್ನ ಹುಡೇದ ಬುಡದವರು ಅಂತಿದ್ರಂತ." ಮನೆಯ ಗಂಡಸರು ಯಾರಿಗೂ ಇದು ಗೊತ್ತಿರಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ, ಯಾಕೆಂದರೆ ಮದುವೆಯಾಗಿ ಅವರ ಅಡ್ಡಹೆಸರು ಬದಲಾಗಿತ್ತು.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಕೇಳಿಯೇ ಮಾಡಿ.

ನಾಲ್ಕನೇ ಹಂತ: ಹೆಳವರು

ನಮ್ಮ ಭಾಗಕ್ಕೆ ಇರುವ ದೊಡ್ಡ ಭಾಗ್ಯ ಇದು. ಬೇರೆ ಕಡೆಯವರು ವಂಶಾವಳಿ ಬೇಕೆಂದರೆ ಕಚೇರಿಗಳಿಗೆ ಅಲೆಯಬೇಕು, ನಮ್ಮ ಮನೆ ಬಾಗಿಲಿಗೇ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು. ಈಗ ಟಂಟಂ, ಬೈಕು. ಸುಗ್ಗಿ ಮುಗಿದ ಮೇಲೆ ಬಂದು ಮನೆತನದ ಹಿರಿಯರ ಹೆಸರುಗಳನ್ನು ರಾಗವಾಗಿ ಹೇಳುತ್ತಾರೆ. ಮೂಲ ಪುರುಷ ಯಾರು, ಯಾವ ಊರಿಂದ ಎದ್ದ, ಎಷ್ಟು ಮಕ್ಕಳು, ಯಾರು ಎಲ್ಲಿಗೆ ಹೋದರು, ಎಲ್ಲಾ. ಕಾಳು, ಬಟ್ಟೆ, ದುಡ್ಡು ಕೊಟ್ಟು ಕಳಿಸುವುದು ವಾಡಿಕೆ.

ಒಂದೊಂದು ಮನೆತನಕ್ಕೆ ಒಂದೊಂದು ಹೆಳವರ ಕುಟುಂಬ ಗೊತ್ತಾಗಿರುತ್ತದೆ. ಯಾರೋ ಒಬ್ಬ ಹೆಳವರನ್ನು ಹಿಡಿದು ಕೇಳಿದರೆ ಪ್ರಯೋಜನ ಇಲ್ಲ. ನಿಮ್ಮ ಅಣ್ಣತಮ್ಮಂದಿರ ಮನೆಗೆ ಬರುವ ಹೆಳವರು ಯಾರು ಅಂತ ಮೊದಲು ತಿಳಿದುಕೊಳ್ಳಿ. ನಾವು ವಿಜಯಪುರಕ್ಕೆ ಬಂದ ಮೇಲೆ ನಮ್ಮ ಮನೆಗೆ ಅವರು ಬರುವುದು ನಿಂತಿತ್ತು. ಊರಿನಲ್ಲಿ ಕಾಕಾನ ಮನೆಗೆ ಮೂರು ನಾಲ್ಕು ವರ್ಷಕ್ಕೊಮ್ಮೆ ಬರುತ್ತಿದ್ದರು. ಕಾಕಾನಿಗೆ ಹೇಳಿ ಇಟ್ಟು, ಅವರು ಬಂದ ದಿನ ಬೆಳಗ್ಗೆ ಬಸ್ ಹಿಡಿದು ಹೋದೆ.

ಕೆಂಪು ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ವಹಿ. ಹಳೇ ಹಾಳೆಗಳ ಅಂಚು ಹುಳ ತಿಂದು ಜಾಲರಿ ಆಗಿತ್ತು, ನಡುವೆ ಹೊಸ ರೂಲ್ ಹಾಳೆ ಸೇರಿಸಿ ಹೊಲಿದಿದ್ದರು. ಹಿರಿಯ ಹೆಳವರು ಹಾಳೆ ತಿರುವುವ ಮುಂಚೆ ಬೆರಳನ್ನು ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದರು. ಏಳು ತಲೆಮಾರು ಹೇಳಿದರು. ಐದನೆಯವನ ಹೆಸರು ಬಂದಾಗ "ಹುಡೇದ ಬುಡದಾಗ ಮನಿ ಕಟ್ಟಿದಾಂವ" ಅಂತ ಸೇರಿಸಿದರು. ಅತ್ತೆ ಹೇಳಿದ್ದು, ಇವರು ಹೇಳಿದ್ದು ಕೂಡಿಬಂತು. ಮೈ ಜುಂ ಅಂದಿತು.

ಹೆಳವರ ಮಾತನ್ನು ಬರೆದುಕೊಳ್ಳಿ, ಆದರೆ ಕಾಗದದ ಜೊತೆ ತಾಳೆ ನೋಡಿ. ಹತ್ತಿರದ ತಲೆಮಾರುಗಳು ಬಹಳ ಕರಾರುವಾಕ್ಕಾಗಿ ಇರುತ್ತವೆ. ಮೇಲೆ ಹೋದ ಹಾಗೆ ಕಥೆ ಬೆರೆಯುತ್ತದೆ. ದುಡ್ಡಿನ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಮಳೆ, ಗಾಳಿ, ಗೆದ್ದಲಿನಿಂದ ನಿಮ್ಮ ಅಜ್ಜನ ಹೆಸರನ್ನು ಕಾಪಾಡಿ ತಂದವರು ಅವರು.

ಐದನೇ ಹಂತ: ಕಾಗದ

ಇದನ್ನು ಕೆಳಗಿನಿಂದ ಮೇಲೆ ಮಾಡಬೇಕು. ಅಂದರೆ ಇವತ್ತಿನಿಂದ ಹಿಂದಕ್ಕೆ.

ಮೊದಲು ಜಮೀನಿನ ಉತಾರ, ಅಂದರೆ ಪಹಣಿ. ಈಗಿನ ಪಹಣಿ ಭೂಮಿ ವೆಬ್‌ಸೈಟಿನಲ್ಲೇ ಸಿಗುತ್ತದೆ. ಹಳೇ ಕೈಬರಹದ ಉತಾರ, ವಾರಸಾ ನೋಂದಿ ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತವೆ. ಮುಂಬೈ ಪ್ರಾಂತ್ಯದಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಆಮೇಲಿನ ನೋಂದಿಗಳಲ್ಲಿ "ಇಂಥವನು ಸತ್ತ, ಇಂಥವರು ವಾರಸರು" ಅಂತ ಬರೆದಿರುತ್ತಾರೆ. ಒಂದೊಂದು ವಾರಸಾ ನೋಂದಿ ಒಂದೊಂದು ತಲೆಮಾರಿನ ಮೆಟ್ಟಿಲು. ಸರ್ವೆ ನಂಬರು ಗೊತ್ತಿಲ್ಲದೆ ಹೋಗಬೇಡಿ, ಸುಮ್ನೆ ದಿನ ಹಾಳು.

ಆಮೇಲೆ ಸಾಲಿಯ ದಾಖಲಾತಿ ವಹಿ. ನೂರು ವರ್ಷ ದಾಟಿದ ಸರಕಾರಿ ಕನ್ನಡ ಗಂಡು ಮಕ್ಕಳ ಸಾಲಿಗಳು ನಮ್ಮ ಮೂರೂ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಹೆಡ್ ಮಾಸ್ತರಿಗೆ ಒಂದು ಅರ್ಜಿ ಕೊಟ್ಟು, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಮ್ಮ ಅಜ್ಜನ ಸಾಲು ಸಿಕ್ಕಿತು. ಅಲ್ಲಿ ಅಡ್ಡಹೆಸರಿನ ಜಾಗದಲ್ಲಿ ಮೊದಲು ಒಂದು ಊರಿನ ಹೆಸರು ಬರೆದು, ಅದನ್ನು ಹೊಡೆದು, ಮೇಲೆ ಸಣ್ಣ ಅಕ್ಷರದಲ್ಲಿ ಹುಡೇದ ಅಂತ ಬರೆದಿದ್ದರು. ನೇರಳೆ ಶಾಯಿ. ಆ ಮಾಸ್ತರು ಅವತ್ತು ಯಾರನ್ನೋ ಕೇಳಿ ತಿದ್ದಿದ್ದರಿಂದ ನಮ್ಮ ಅಡ್ಡಹೆಸರು ಉಳಿಯಿತು. ಇಲ್ಲದಿದ್ದರೆ ನಾವೂ ಒಂದು ಊರಿನ ಹೆಸರು ಹೊತ್ತುಕೊಂಡು ತಿರುಗುತ್ತಿದ್ದೆವು.

ಊರಿನ ಚಾಕರಿಯ ಮನೆತನವಾಗಿದ್ದರೆ ವತನದ, ಅಂದರೆ ಆ ಚಾಕರಿಗೆ ಕೊಟ್ಟ ಜಮೀನಿನ, ಕಾಗದ ನೋಡಿ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ನಂತರ ವತನದ ಜಮೀನು ಮರಳಿ ಕೊಟ್ಟಾಗಿನ ಕಡತಗಳಲ್ಲಿ ಮನೆತನದ ವಿವರ ಇರುತ್ತದೆ. ತಳವಾರ, ವಾಲೀಕಾರ, ಸನದಿ, ಪಾಟೀಲ ಅಡ್ಡಹೆಸರಿನವರಿಗೆ ಇದು ಮುಖ್ಯ.

ಹಳೇ ಕಾಗದ ಮೋಡಿಯಲ್ಲಿ ಇದ್ದರೆ ಗಾಬರಿಯಾಗಬೇಡಿ. ಮರಾಠಿಯನ್ನು ಗಡಿಬಿಡಿಯಲ್ಲಿ ಬರೆಯುತ್ತಿದ್ದ ಕೂಡಕ್ಷರ ಅದು. ಓದಬಲ್ಲವರು ಬೆಳಗಾವಿ, ಕೊಲ್ಲಾಪುರ, ಪುಣೆಯಲ್ಲಿ ಸಿಗುತ್ತಾರೆ. ಒಂದು ಎಚ್ಚರ ಇರಲಿ: ಮೋಡಿಯಲ್ಲಿ ಇಕಾರ ಉಕಾರದ ಹ್ರಸ್ವ ದೀರ್ಘ ಸರಿಯಾಗಿ ಗೊತ್ತಾಗುವುದಿಲ್ಲ. ಮರಾಠಿಯಲ್ಲಿ ಎ, ಏ ಅನ್ನುವ ಭೇದವೂ ಇಲ್ಲ. ಓದಿ ಹೇಳುವವರು ಮರಾಠಿ ಕಿವಿಯಿಂದ ಓದುತ್ತಾರೆ, ನೀವು ಕನ್ನಡ ಕಿವಿಯಿಂದ ಕೇಳಬೇಕು.

ಯಾವ ಕಚೇರಿಗೆ ಹೋಗಬೇಕು ಅನ್ನುವುದಕ್ಕೆ ಆಗ ಆ ಊರು ಯಾರ ಕೈಯಲ್ಲಿತ್ತು ಅಂತ ಗೊತ್ತಿರಬೇಕು. ಜಮಖಂಡಿ, ಮುಧೋಳ, ರಾಮದುರ್ಗ ಬೇರೆ ಬೇರೆ ಸಂಸ್ಥಾನಗಳು, 1948ರಲ್ಲಿ ವಿಲೀನವಾದವು. ತೇರದಾಳ, ಶಹಾಪುರ ಸಾಂಗ್ಲಿಯವರದು. ರಾಯಬಾಗ ಕೊಲ್ಲಾಪುರದ್ದು. ವಿಜಯಪುರ ಜಿಲ್ಲೆಗೆ 1880ರ ದಶಕದವರೆಗೆ ಕಲಾದಗಿ ಜಿಲ್ಲೆ ಅಂತ ಹೆಸರಿತ್ತು. ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಹುನಗುಂದದ ಹಳೇ ಕಾಗದಕ್ಕೆ ವಿಜಯಪುರದಲ್ಲಿಯೂ ಕೇಳಬೇಕು ಅನ್ನುವುದು ನನಗೆ ಎರಡು ಸಲ ಸುಮ್ನೆ ಅಲೆದ ಮೇಲೆ ತಿಳಿಯಿತು. 1884ರಲ್ಲಿ ಅಚ್ಚಾದ ಬೆಳಗಾವಿ ಮತ್ತು ವಿಜಾಪುರದ ಮುಂಬೈ ಗೆಜೆಟಿಯರ್‌ಗಳನ್ನೂ ಒಮ್ಮೆ ತಿರುವಿ. ನಿಮ್ಮ ಮನೆತನ ಸಿಗದಿದ್ದರೂ ಊರಿನ ಸ್ಥಿತಿ ಸಿಗುತ್ತದೆ. 1876–78ರ ಬರದಲ್ಲಿ ಈ ಭಾಗದ ಜನ ಊರು ಬಿಟ್ಟು ಚದುರಿದರು. ನಿಮ್ಮ ಹಿರಿಯರ ಕಥೆಯಲ್ಲಿ "ಬರದಾಗ ಬಂದವರು" ಅಂತ ಇದ್ದರೆ ಆ ಕಾಲಕ್ಕೆ ಒಮ್ಮೆ ಹೊಂದಿಸಿ ನೋಡಿ.

ಆರನೇ ಹಂತ: ಜಾಗಕ್ಕೆ ಹೋಗಿ

ಹೋಗದೆ ಬಿಡಬೇಡಿ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರಾಗಿದ್ದರೆ ಪುನರ್ವಸತಿ ಕೇಂದ್ರಕ್ಕೆ ಹೋಗಿ, ಹಳೇ ಊರಿನ ನಕ್ಷೆಯನ್ನು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸುವ ಹಿರಿಯರು ಇನ್ನೂ ಇದ್ದಾರೆ. ತಡ ಮಾಡಬೇಡಿ.

ಹುನಗುಂದ ಕಡೆಯ ಆ ಊರಿನಲ್ಲಿ ಹುಡೆ ಅರ್ಧ ಬಿದ್ದಿತ್ತು. ಕಲ್ಲುಗಳನ್ನು ಮನೆ ಕಟ್ಟಲು, ದನದ ಕೊಟ್ಟಿಗೆಗೆ ಒಯ್ದಿದ್ದರು. ಪಕ್ಕದಲ್ಲಿ ಹಗೇವು ಇದ್ದ ಗುರುತು, ಮೇಲೆ ಚಪ್ಪಡಿ ಮುಚ್ಚಿದ್ದರು. ಜೋಳ ತುಂಬಿಡುವ ಜಾಗವನ್ನು ಕಾವಲಿನ ಕಣ್ಣಳತೆಯಲ್ಲಿ ಇಟ್ಟಿದ್ದರು ಅಂತ ಅಲ್ಲಿನ ಮುದುಕರು ಹೇಳಿದರು. ಬುಡದಲ್ಲಿ ಹುಡೇದ ಅಡ್ಡಹೆಸರಿನ ಮೂರು ಮನೆ. ಖುಷಿಯಿಂದ ಅಣ್ಣತಮ್ಮಂದಿರು ಸಿಕ್ಕರು ಅಂತ ಹೋದೆ. ಚಹಾ ಕುಡಿಯುತ್ತಾ ಮನೆದೇವರು ಕೇಳಿದೆ, ಬೆಡಗು ಕೇಳಿದೆ. ಒಂದೂ ಕೂಡಲಿಲ್ಲ. ಅವರ ಜಾತಿಯೇ ಬೇರೆ. ನಮ್ಮವರು ಊರು ಬಿಟ್ಟ ಮೇಲೆ ಅದೇ ಜಾಗಕ್ಕೆ ಬಂದು ಕೂತವರು, ಅವರಿಗೂ ಊರವರು ಅದೇ ಹೆಸರು ಹಚ್ಚಿದ್ದಾರೆ. ಹೆಸರು ಜಾಗದ್ದು, ರಕ್ತದ್ದಲ್ಲ. ನಮ್ಮ ಭಾಗದಲ್ಲಿ ಒಂದೇ ಅಡ್ಡಹೆಸರು ಲಿಂಗಾಯತರಲ್ಲೂ, ಕುರುಬರಲ್ಲೂ, ಮುಸಲ್ಮಾನರಲ್ಲೂ ಸಿಗುವುದು ಇದೇ ಕಾರಣಕ್ಕೆ. ಅಡ್ಡಹೆಸರು ನೋಡಿ ಜಾತಿ ಹೇಳುತ್ತೇನೆ ಅನ್ನುವವರ ಮಾತನ್ನು ನಂಬಬೇಡಿ. ಆ ಮನೆಯಲ್ಲಿ ಅವತ್ತು ಊಟ ಮಾಡಿಸದೆ ಬಿಡಲಿಲ್ಲ, ಹೆಸರಿನ ಅಣ್ಣತಮ್ಮಕಿ ಅಂದರು. ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ.

ಏಳನೇ ಹಂತ: ಈಗ ಎಷ್ಟು ಜನ ಇದ್ದಾರೆ?

ಜನಗಣತಿಯಲ್ಲಿ ಅಡ್ಡಹೆಸರಿನ ಲೆಕ್ಕ ಪ್ರಕಟ ಮಾಡುವುದಿಲ್ಲ. ಅಡ್ಡಹೆಸರು ಎಷ್ಟಿದೆ ಅಂತ ಹೇಳುವ ವೆಬ್‌ಸೈಟುಗಳು ಇವೆ, ಅವು ಇಂಗ್ಲಿಷ್ ಸ್ಪೆಲ್ಲಿಂಗ್ ಮೇಲೆ ಅಂದಾಜು ಕೊಡುತ್ತವೆ. ಸನದಿ, ಸನಾದಿ ಎರಡನ್ನೂ ಕೂಡಿಸಿ ಎಣಿಸುವ ಅಂಕಿ ನಮಗೆ ಏನು ಉಪಯೋಗ? ನಾನು ನಂಬುವುದು ಊರುವಾರು ಎಣಿಕೆಯನ್ನು. ಚುನಾವಣಾ ಆಯೋಗದ ಮತದಾರರ ಪಟ್ಟಿ ಬೂತ್ ಪ್ರಕಾರ ಕನ್ನಡದಲ್ಲೇ ಸಿಗುತ್ತದೆ. ನಿಮ್ಮ ತಾಲೂಕಿನಿಂದ ಶುರು ಮಾಡಿ. ಎಷ್ಟೋ ಜನರ ಹೆಸರಿನ ಮುಂದೆ ಅಡ್ಡಹೆಸರು ಇರುವುದಿಲ್ಲ, ಮನೆ ನಂಬರು ನೋಡಿ ಒಂದೇ ಮನೆಯವರನ್ನು ಕೂಡಿಸಿಕೊಳ್ಳಿ. ತಲೆ ಎಣಿಸಬೇಡಿ, ಮನೆ ಎಣಿಸಿ. ದೊಡ್ಡ ಕುಟುಂಬ ಒಂದಿದ್ದರೆ ತಲೆ ಲೆಕ್ಕ ಮೋಸ ಮಾಡುತ್ತದೆ.

ಹೆಸರಿನ ರೂಪಗಳನ್ನೆಲ್ಲಾ ಹಾಕಿ ಹುಡುಕಿ. 2014ರ ನವೆಂಬರ್‌ನಲ್ಲಿ ಬಿಜಾಪುರದಂಥ ಊರುಗಳ ಅಧಿಕೃತ ಹೆಸರು ಬದಲಾಯಿತು, ಅಡ್ಡಹೆಸರು ಬದಲಾಗಲಿಲ್ಲ. ಬಿಜಾಪುರ, ವಿಜಾಪುರ, ಬಿಜಾಪುರೆ ಮೂರೂ ಸಿಗುತ್ತವೆ. ಆಮೇಲೆ ಒಂದು ತಾಲೂಕು ನಕ್ಷೆಯ ಮೇಲೆ ಚುಕ್ಕೆ ಇಡಿ. ಊರ ಹೆಸರಿನ ಅಡ್ಡಹೆಸರಾಗಿದ್ದರೆ ಚುಕ್ಕೆಗಳು ಮೂಲ ಊರನ್ನು ಬಿಟ್ಟು ಸುತ್ತಲೂ ಬೀಳುತ್ತವೆ, ನಡುವೆ ಖಾಲಿ ಇರುತ್ತದೆ. ಕಸುಬಿನ ಹೆಸರಾದರೆ ಎಲ್ಲಾ ಕಡೆ ಒಂದೊಂದು ಎರಡೆರಡು. ನಮ್ಮ ಹುಡೇದ ಚುಕ್ಕೆಗಳು ಬಿಡಿ ಬಿಡಿ ಗೊಂಚಲಾಗಿ ಬಿದ್ದವು. ನಾನು ವಿಚಾರಿಸಿದ ಕಡೆಯೆಲ್ಲ ಗೊಂಚಲಿನ ಹತ್ತಿರ ಒಂದು ಹುಡೆ ಇದೆ, ಇಲ್ಲವೇ ಇತ್ತು. ಪಟ್ಟಿಯಲ್ಲಿ ಸಿಕ್ಕವರ ಹೆಸರು, ವಿಳಾಸಗಳನ್ನು ಮಾತ್ರ ಎಲ್ಲೂ ಹಾಕಬೇಡಿ. ಊರು ಮತ್ತು ಮನೆಗಳ ಸಂಖ್ಯೆ ಸಾಕು.

ಕೊನೆಯ ಹಂತ: ಬರೆದಿಡಿ

ಹತ್ತು ಪುಟ ಸಾಕು. ಪ್ರತಿ ಮಾತಿನ ಮುಂದೆ ಅದು ಎಲ್ಲಿ ಸಿಕ್ಕಿತು ಅಂತ ಬರೆಯಿರಿ: ಅತ್ತೆ ಹೇಳಿದ್ದು, ಹೆಳವರು ಹೇಳಿದ್ದು, ಉತಾರದಲ್ಲಿದ್ದದ್ದು, ನನ್ನ ಊಹೆ. ನಾಲ್ಕನ್ನೂ ಬೆರೆಸಬೇಡಿ. ಸರಿಯಾದ ಅಡ್ಡಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಗೆ ಬರೆಯಬೇಕು ಅಂತ ಮನೆಯವರೆಲ್ಲಾ ಕೂತು ಒಂದು ಮಾಡಿಕೊಳ್ಳಿ, ಸಾಲಿಗೆ ಹಾಕುವ ಮಕ್ಕಳಿಗೆ ಅದನ್ನೇ ಹಚ್ಚಿ. ಜೆರಾಕ್ಸ್ ಮಾಡಿಸಿ ಅಣ್ಣತಮ್ಮಂದಿರ ಮನೆಗೆಲ್ಲಾ ಒಂದೊಂದು ಪ್ರತಿ ಕೊಡಿ. ಕೊಟ್ಟುಹೋದ ಹೆಣ್ಣುಮಕ್ಕಳ ಮನೆಗೂ ಕೊಡಿ.

ನಮ್ಮ ಹೆಳವರ ವಹಿಯಲ್ಲಿ ಏಳು ತಲೆಮಾರಿನ ಗಂಡಸರ ಹೆಸರಷ್ಟೇ ಇತ್ತು. ಅವತ್ತು ಎದ್ದು ಬರುವ ಮುಂಚೆ ನಮ್ಮ ಅತ್ತೆಯ ಹೆಸರು, ನನ್ನ ಮಗಳ ಹೆಸರು ಬರೆಯಿರಿ ಅಂತ ಕೇಳಿಕೊಂಡೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಪೆನ್ನು ತೆಗೆದು, ಹೊಸ ರೂಲ್ ಹಾಳೆಯ ಮೇಲೆ, ಎರಡನ್ನೂ ನಿಧಾನಕ್ಕೆ ಬರೆದುಕೊಂಡರು.